ಎಂಜಿಬಿಗೆ ಹೊಸಾ ಟೈರ್ ಹಾಕೂಕಿಂತ ಮೊದಲ ಗಾಲಿ ಹಲ್ಲು ನೋಡ್ರಿ

ಪ್ರಶ್ನೆ: ಸರ್ ನಮಸ್ಕಾರ. ನಾ ಬೆಳಗಾವಿ ಟಿಳಕವಾಡಿಯಾಂವ. ನಮ್ಮ ಕಾಕಾರದು ಮ್ಯಾಲೆ ತೆರದ ಬ್ರಿಟಿಷ್ ಸ್ಪೋರ್ಟ್ಸ್ ಕಾರ್, 1967ರ ಎಂಜಿಬಿ ರೋಡ್‌ಸ್ಟರ್ ಐತ್ರಿ, ಕ್ಯಾಂಪ್ ಕಡೆ ಒಂದು ಶೆಡ್ಡಿನ್ಯಾಗ 20 ವರ್ಷದ ಮ್ಯಾಲೆ ನಿಂತಿತ್ತು, ಈಗ ನನ್ನ ಕೈಗೆ ಬಂದೇತಿ. ಎಂಜಿನ್ ಚಾಲೂ ಆಗೇತಿ, ಬ್ರೇಕ್ ಕೆಲಸಾನೂ ಮುಗೀತು. ಗಾಲಿ ಕಡ್ಡಿ ಗಾಲಿ, ಜಂಗ್ ಹಿಡದಾವ, ಒಂದರಾಗ ನಾಕ ಕಡ್ಡಿ ಮುರದಾವ. ಟೈರಿನ ಟ್ರೆಡ್, ಅಂದ್ರ ರೋಡ್ ಮುಟ್ಟೂ ಭಾಗ, ಹೊಸಾದರಂಗ ಐತಿ, ಪಕ್ಕೆದಾಗ ಮಾತ್ರ ಸಣ್ಣ ಸಣ್ಣ ಬಿರುಕು. ಟೈರ್ ಅಂಗಡ್ಯಾಂವ "ಈ ಸೈಜ್ ಬಂದ್ ಆಗೇತಿ, ಅಲಾಯ್ ಹಾಕ್ಸಿ 185/65 ಹಾಕ್ರಿ" ಅಂತಾನ. ಇನ್ನೊಬ್ರು "ಗಾಲಿಗೆ ಕ್ರೋಮ್ ಹೊಡಸ್ರಿ, ನೋಡಾಕ ಭಾರಿ ಕಾಣಸ್ತಾವ" ಅಂತಾರ. ಏನ್ ಮಾಡ್ಲಿ?

ಉತ್ತರ:

ನಮಸ್ಕಾರ್ರಿ. ಮೊದಲ ಒಂದು ಮಾತು, ಆ ಟೈರ್ ಮ್ಯಾಲೆ ಗಾಡಿ ರೋಡಿಗೆ ತಗೀಬ್ಯಾಡ್ರಿ. ಟ್ರೆಡ್ ಹೊಸಾದರಂಗ ಐತಿ ಅನ್ನೂದ ದೊಡ್ಡ ಮೋಸ ನೋಡ್ರಿ ಇಲ್ಲಿ, ನಿಂತ ಗಾಡಿ ಟೈರ್ ಸವೆಯೂದಿಲ್ಲ, ಒಳಗಿಂದ ಒಣಗತೈತಿ. ರಬ್ಬರಿನ್ಯಾಗಿನ ಎಣ್ಣಿ ಅಂಶ ಹೋಗಿ ಅದು ಬಿರುಸ ಆಗತೈತಿ, ಆಮ್ಯಾಲೆ ಬಿಸಲಿನ್ಯಾಗ 70-80ರಾಗ ಹೊಂಟಾಗ ಟ್ರೆಡ್ಡಿನ ಪಟ್ಟಿ ಕಿತ್ತು ಮಡ್‌ಗಾರ್ಡಿಗೆ ಹೊಡೀತೈತಿ. ಶೆಡ್ಡಿನಿಂದ ವರ್ಕ್‌ಶಾಪಿಗೆ ಒಯ್ಯೂದಿದ್ರ ಟ್ರಕ್ಕಿನ ಮ್ಯಾಲೆ ಹೇರಿ ಒಯ್ಯರಿ. ಟೈರಿನ ವಯಸ್ಸು ನೋಡಬೇಕಂದ್ರ ಪಕ್ಕೆ ಮ್ಯಾಲೆ ನಾಕ ಅಂಕಿ ಒಂದು ಅಂಡಾಕಾರದ ಗೆರಿ ಒಳಗ ಇರ್ತಾವ, 1823 ಅಂತಿದ್ರ 2023ನೇ ಇಸವಿ 18ನೇ ವಾರ ಅಂತ ಅರ್ಥ. ಮೂರ ಅಂಕಿ ಅಷ್ಟ ಇದ್ರ ಅದು 2000ಕ್ಕಿಂತ ಹಿಂದಿನ ಟೈರ್, ಅದರ ಬಗ್ಗೆ ಮಾತಾಡೂದ ಬ್ಯಾಡ. ನನ್ನ ಲೆಕ್ಕ ಹೇಳ್ತೇನಿ, 6 ವರ್ಷ ದಾಟಿದ ಮ್ಯಾಲೆ ವರ್ಷಾ ತಪಾಸಣಿ, 10 ಆದ ಮ್ಯಾಲೆ ಎಷ್ಟ ಚಂದ ಕಂಡ್ರೂ ತಗದ ಬಿಡೂದು. ಸ್ಟೆಪ್ನಿಗೂ ಇದ ಲೆಕ್ಕ, ಡಿಕ್ಕಿಯೊಳಗ ಮಲಗಿದ ಸ್ಟೆಪ್ನಿ ವಯಸ್ಸು ಯಾರೂ ಕೇಳೂದಿಲ್ಲ, ನೀವು ಕೇಳ್ರಿ.

ಈಗ ಗಾಲಿಗೆ ಬರೂಣು. ನೀವು ಕೇಳಿದ್ದು ಟೈರ್ ಮತ್ತ ಕ್ರೋಮ್, ನಾ ಹೇಳೂದು ಸ್ಪ್ಲೈನ್, ಅಂದ್ರ ಗಾಲಿ ನಡುವಿನ ಹಲ್ಲು. ಎಲ್ಲಾರೂ ಕಣ್ಣಿಗೆ ಕಾಣೂದರಿಂದ ಶುರು ಮಾಡ್ತಾರ, ಬಣ್ಣ ಮೊದಲ, ಟೈರ್ ಆಮ್ಯಾಲೆ, ಕಡೀಕ ಗಾಡಿ ಜೋಡಸೂ ಮುಂದ ಗೊತ್ತಾಗತೈತಿ ಗಾಲಿ ಒಳಗಿನ ಹಲ್ಲ ಸವದಾವ ಅಂತ. ಅಷ್ಟೊತ್ತಿಗೆ ರೊಕ್ಕ ಖರ್ಚಾಗಿ ಹೋಗಿರತೈತಿ. ಉಲ್ಟಾ ಮಾಡ್ರಿ.

ನಿಮ್ಮ ಗಾಡಿಗೆ ನಾಕ ನಟ್ಟಿನ ಗಾಲಿ ಅಲ್ಲ, ನಡೂವ ಎರಡು ಕಿವಿ ಇರೂ ಒಂದ ದೊಡ್ಡ ನಟ್ಟು. ಗಾಡಿಯ ಹಬ್, ಅಂದ್ರ ಗಾಲಿ ಕುಂದ್ರೂ ತಿರಗೂ ಭಾಗ, ಅದರ ಮ್ಯಾಲೆ ಉದ್ದಕ ಹಲ್ಲ ಇರ್ತಾವ, ಗಾಲಿಯ ನಡುವಿನ ಕೊಳವಿ ಒಳಗ ಅದಕ್ಕ ಕುಂದ್ರೂ ಹಲ್ಲ ಇರ್ತಾವ, ಎಂಜಿನ್ ಜಗ್ಗೂದು ಬ್ರೇಕ್ ಹಿಡಿಯೂದು ಎಲ್ಲಾ ಭಾರ ಈ ಹಲ್ಲಿನ ಮ್ಯಾಲೆನ. ನಟ್ಟು ಗಾಲಿ ಹೊರಗ ಬರದಂಗ ಒತ್ತಿ ಹಿಡೀತೈತಿ, ತಿರಗಸೂ ಕೆಲಸ ಹಲ್ಲಿಂದು. ಹೊಸಾ ಹಲ್ಲಿನ ತುದಿ ಚಪ್ಪಟಿ ಇರತೈತಿ, ಸವದದ್ದು ಗರಗಸದ ಹಲ್ಲಿನಂಗ ಚೂಪ ಆಗಿರತೈತಿ. ಬಟ್ಟಿಲೆ ಗ್ರೀಸ್ ಒರಸಿ, ಟಾರ್ಚ್ ಹಿಡದು, ಬೆರಳ ಆಡಿಸಿ ನೋಡ್ರಿ, ತುದಿ ಚುಚ್ಚಿದ್ರ ಆ ಗಾಲಿ ಕೆಲಸ ಮುಗೀತು ಅಂತ ತಿಳೀರಿ. ಇನ್ನೊಂದು ಪರೀಕ್ಷೆ, ಗಾಲಿ ಹಾಕಿ ನಟ್ಟು ಬರೋಬ್ಬರಿ ಬಿಗದು ಗಾಡಿ ಜ್ಯಾಕ್ ಮ್ಯಾಲೆ ಎತ್ತರಿ, ಒಳಗ ಒಬ್ಬರು ಬ್ರೇಕ್ ಪೆಡಲ್ ಗಟ್ಟಿ ಒತ್ತಿ ಹಿಡೀಲಿ, ನೀವು ಗಾಲಿ ಎರಡೂ ಕಡೆ ಹಿಡದು ಹಿಂದ ಮುಂದ ತಿರಗಸಾಕ ನೋಡ್ರಿ. ಹಬ್ ನಿಂತು ಗಾಲಿ ಅಷ್ಟ ಅಲ್ಲಾಡಿದ್ರ ಅದು ಸ್ಪ್ಲೈನ್ ಆಟ. ರಿವರ್ಸ್‌ದಿಂದ ಫಸ್ಟಿಗೆ ಹಾಕಿದಾಗ "ಟಕ್" ಅನ್ನೂ ಸಪ್ಪಳಾನೂ ಇದರ ಗುರ್ತಾನ, ಆದ್ರ ಎಂಜಿಬಿಯೊಳಗ ಅದ ಸಪ್ಪಳ ಡಿಫರೆನ್ಷಿಯಲ್ಲಿನ ವಾಷರ್ ಸವದ್ರೂ ಬರತೈತಿ, ಯೂನಿವರ್ಸಲ್ ಜಾಯಿಂಟ್ ಹೋದ್ರೂ ಬರತೈತಿ, ಅದಕ್ಕ ಬರೇ ಕಿವಿ ನಂಬಬ್ಯಾಡ್ರಿ, ಜ್ಯಾಕ್ ಮ್ಯಾಲೆ ಎತ್ತಿ ನೋಡ್ರಿ.

ಇಲ್ಲಿ ಬರೇ ಗಾಲಿ ಬದಲಿ ಮಾಡಿದ್ರ ಸಾಲೂದಿಲ್ಲ. ಸವದ ಹಬ್ ಮ್ಯಾಲೆ ಹೊಸಾ ಗಾಲಿ ಹಾಕಿದ್ರ ಹಬ್ ಆ ಹೊಸಾ ಗಾಲಿನೂ ತಿಂತೈತಿ, ಹೊಸಾ ಹಬ್ಬಿಗೆ ಸವದ ಗಾಲಿ ಹಾಕಿದ್ರೂ ಅದ ಕತಿ. ಎರಡೂ ನೋಡ್ರಿ, ನಾಕೂ ಕಡೆ ನೋಡ್ರಿ. ಉದ್ಯಮಬಾಗ ಇಂಡಸ್ಟ್ರಿ ಏರಿಯಾದಾಗ ಯಾರಾದ್ರೂ "ಸಾಹೇಬ್ರ, ವೆಲ್ಡಿಂಗ್ ತುಂಬಿ ಹಲ್ಲ ತಿರಗಾ ಕಟಿಂಗ್ ಮಾಡಿ ಕೊಡ್ತೇನಿ" ಅಂದ್ರ ಕೈ ಮುಗದು ಎದ್ದ ಬರ್ರಿ. ಉದ್ಯಮಬಾಗದ ಮಂದಿ ಕೈ ಎಂಥಾದ್ದು ಅಂತ ನನಗ ಗೊತ್ತೈತಿ, ಪಂಪಿನ ಶಾಫ್ಟ್ ಗೇರ್ ಎಲ್ಲಾ ಅಲ್ಲೇ ಮಾಡ್ಸೇನಿ, ಆದ್ರ ಇದು ಜೀವದ ಪಾರ್ಟ್, ಕಾಸಿದ ಕಬ್ಬಿಣದ ಗಟ್ಟಿತನ ಹೋಗಿ ಹಲ್ಲ ಮೆತ್ತಗ ಆಗ್ತಾವ, ಇಲ್ಲಾ ಪಿಡಸ ಆಗ್ತಾವ, ಎರಡೂ ಕೆಟ್ಟ. ಎಂಜಿಬಿ ಮಟ್ಟಿಗೆ ನಿಮ್ಮ ನಸೀಬ ಚಲೋ ಐತಿ. 1962ರಿಂದ 1980ರ ತನಕ ಆಬಿಂಗ್ಡನ್ ಫ್ಯಾಕ್ಟರಿಯೊಳಗ ಐದು ಲಕ್ಷಕ್ಕಿಂತ ಜಾಸ್ತಿ ಗಾಡಿ ತಯಾರಾದಾವ, ಅದಕ್ಕ ಬ್ರಿಟನ್ನಿನ್ಯಾಗ ಇವತ್ತಿಗೂ ಹಬ್, ಗಾಲಿ, ನಟ್ಟು ಎಲ್ಲಾ ಹೊಸಾದ ಸಿಗ್ತಾವ, 1988ರಿಂದ ಪೂರಾ ಬಾಡಿ ಶೆಲ್ಲ ಹೊಸಾದು ಮಾಡಾಕತ್ತಾರ ಅಂದ್ರ ಲೆಕ್ಕ ಹಾಕ್ರಿ. ಕಸ್ಟಮ್ಸ್ ಡ್ಯೂಟಿ ಮತ್ತ ಪಾರ್ಸಲ್ ಖರ್ಚು ಮೊದಲ ಲೆಕ್ಕಕ್ಕ ಹಿಡೀರಿ ಅಷ್ಟ. ನಟ್ಟು ತರಸೂ ಮುಂದ ಒಂದು ಹುಷಾರಿ, ಬ್ರಿಟಿಷ್ ಗಾಡಿಗಳೊಳಗ ಇಂಚಿಗೆ 8 ಆಟೆದ್ದೂ (ಆಟೆ ಅಂದ್ರ ಥ್ರೆಡ್) ಅದಾವ, 12 ಆಟೆದ್ದೂ ಅದಾವ. ಥ್ರೆಡ್ ಗೇಜ್ ಇಟ್ಟು ನಿಮ್ಮ ಹಬ್ ಮ್ಯಾಲೆ ಎಣಿಸಿನ ಆರ್ಡರ್ ಮಾಡ್ರಿ.

ಹಲ್ಲ ಪಾಸಾದ್ವು ಅಂತ ಇಟ್ಕೋರಿ, ಆಮ್ಯಾಲೆ ಕಡ್ಡಿ. ಟೈರ್, ಟ್ಯೂಬ್, ಒಳಗಿನ ರಿಮ್ ಪಟ್ಟಿ ಎಲ್ಲಾ ತಗದು ಗಾಲಿ ಬರೇ ಮೈ ಮಾಡ್ರಿ. ಸಣ್ಣ ಪಾನಾ ತಗೊಂಡು ಒಂದೊಂದ ಕಡ್ಡಿಗೆ ಹಗೂರ ಬಡೀರಿ. ಬಿಗಿ ಇದ್ದ ಕಡ್ಡಿ "ಟಿಣ್" ಅಂತೈತಿ, ಸಡಲ ಇದ್ದದ್ದು "ಥಡ್" ಅಂತೈತಿ. ನಮ್ಮ ಕಡೆ ಮಿರಜಕ್ಕ ತಂಬೂರಿ ತರಾಕ ಹೋದವ್ರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ, ಕಿವಿನ ಮೀಟರ್. ಎಲ್ಲಾ ಕಡ್ಡಿನೂ ಒಂದ ಸ್ವರ ಕೊಡೂದಿಲ್ಲ, ಯಾಕಂದ್ರ ರಿಮ್ಮಿನ ಅಂಚಿಗೆ ಹೋಗೂ ಕಡ್ಡಿ ಮತ್ತ ನಡುವಿನ ಸಾಲಿಗೆ ಹೋಗೂ ಕಡ್ಡಿ ಉದ್ದ ಬ್ಯಾರೆ ಬ್ಯಾರೆ, ಆದ್ರ ಒಂದ ಸಾಲಿನ ಕಡ್ಡಿಗೋಳು ಸುಮಾರಾಗಿ ಒಂದ ಥರಾ ನುಡೀಬೇಕು. ಸಡಲ ಇದ್ದ ಕಡ್ಡಿಗೆ ಖಡಕ್ ಗುರ್ತ ಹಾಕ್ರಿ.

ನಿಮ್ಮ ಒಂದು ಗಾಲಿಯೊಳಗ ನಾಕ ಕಡ್ಡಿ ಮುರದಾವ ಅಂದ್ರಿ. ಆ ನಾಕ ಅಷ್ಟ ಬದಲಿ ಮಾಡಬ್ಯಾಡ್ರಿ. ಒಂದು ಕಡ್ಡಿ ಮುರದ್ರ ಅದರ ಭಾರ ಬಾಜೂದ ಕಡ್ಡಿ ಹೊರತೈತಿ, ನಾಕ ಮುರದಾಗ ಸುತ್ತಲಿನವು ಎಷ್ಟ ದಣದಿರ್ತಾವ ನೀವ ವಿಚಾರ ಮಾಡ್ರಿ, ಅವು ಇವತ್ತಲ್ಲ ನಾಳೆ ಹೋಗೂವ. ನನ್ನ ಲೆಕ್ಕ ಏನಂದ್ರ, ಒಂದು ಗಾಲಿಯೊಳಗ ಒಂದೆರಡ ಕಡ್ಡಿ ಹೋಗಿದ್ರ ರಿಪೇರಿ, ಮೂರ ನಾಕ ಹೋಗಿದ್ರ ಪೂರಾ 60 ಕಡ್ಡಿ ಹೊಸಾವು, ರಿಮ್ ಒಳಗ ಜಂಗ್ ತೂತು ಬಿದ್ದಿದ್ರ ಅಥವಾ ಹಲ್ಲ ಸವದಿದ್ರ ಗಾಲಿನ ಹೊಸಾದು. ಗಾಡಿ ನಿಂತಾಗ ರಿಮ್ಮಿನ ಒಳಮೈಯಾಗ, ಟ್ಯೂಬಿನ ಪಟ್ಟಿ ಕೆಳಗ ಹಸಿ ಕುಂತು ತಿಂದಿರತೈತಿ, ಬೆಳಗಾವಿ ಮಳಿ ಹೆಂಗ ಅಂತ ನಿಮಗ ಹೇಳೂದೇನೈತಿ, ಜೂನ್‌ದಿಂದ ಸಪ್ಟೆಂಬರ್ ತನಕ ಶೆಡ್ಡಿನ ಗೋಡಿನ ಬೆವರತಾವ. ಬಾಗಲಕೋಟಿ ವಿಜಯಪುರ ಕಡೆ ಇದ್ದಿದ್ರ ರಿಮ್ ಉಳೀತಿತ್ತು ಟೈರ್ ಇನ್ನಾ ಲಗೂ ಹೋಗ್ತಿತ್ತು, ನಮ್ಮ ಕಡೆ ಟೈರ್ ಸ್ವಲ್ಪ ಉಳೀತೈತಿ ರಿಮ್ ಹೋಗತೈತಿ.

ಕಡ್ಡಿ ಬಿಗಿಯೂದು ಸೈಕಲ್ ಗಾಲಿ ಔಟ್ ತಗಿಯೂ ಥರಾನ, ಬುಲೆಟ್ ಗಾಲಿ ಕಟ್ಟೂ ಹಳೇ ಮಿಸ್ತ್ರಿ ಇದ್ರ ಅವನಿಗೆ ಲಗೂ ಅರ್ಥ ಆಗತೈತಿ, ಆದ್ರ ಕಾರಿನ ಗಾಲಿಯೊಳಗ ಮೂರು ಸಾಲು ಇರೂದ್ರಿಂದ ಒಂದು ಎಳದ್ರ ಇನ್ನೊಂದು ಕಡೆ ಹೋಗತೈತಿ, ಅವಸರ ಮಾಡಬಾರದು. ಮೊದಲ ನಿಪ್ಪಲ್ಲಿಗೆ, ಅಂದ್ರ ಕಡ್ಡಿ ತುದಿಗೆ ಇರೂ ಸಣ್ಣ ನಟ್ಟಿಗೆ, ಜಂಗ್ ಬಿಡಸೂ ಎಣ್ಣಿ ಹಾಕಿ ಎರಡು ದಿನ ಬಿಡ್ರಿ, ಒಣಾ ನಿಪ್ಪಲ್ ತಿರುವಿದ್ರ ನಿಪ್ಪಲ್ ತಿರಗೂದಿಲ್ಲ, ಕಡ್ಡಿ ಹುರಿಯಾಗತೈತಿ. ಗಾಲಿ ಹಬ್ ಮ್ಯಾಲೇನ ಕುಂದರ್ಸಿ, ರಿಮ್ಮಿನ ಅಂಚಿಗೆ ಒಂದು ಮೊಳಿ ಹತ್ತರ ತಂದು ನಿಲ್ಲಸಿ, ಗಾಲಿ ತಿರುವಿ ಎಲ್ಲಿ ಮುಟ್ಟತೈತಿ ಎಲ್ಲಿ ದೂರ ಹೋಗತೈತಿ ನೋಡಕೋತ ಒಂದ ಸಲಕ ಕಾಲ ಸುತ್ತು, ಅಷ್ಟ. ಅಡ್ಡಾ ಡೊಂಕು ಮತ್ತ ಮ್ಯಾಲೆ ಕೆಳಗಿನ ಡೊಂಕು ಎರಡೂ 2 ಮಿಲಿಮೀಟರ್ ಒಳಗ ಬಂದ್ರ ರೋಡಿಗೆ ಸಾಕು. ಕಡೀಕ ಒಳಗಿಂದ ರಿಮ್ ಮ್ಯಾಲೆ ಕೈ ಆಡಸ್ರಿ, ಕಡ್ಡಿ ತುದಿ ನಿಪ್ಪಲ್ ದಾಟಿ ಹೊರಗ ಬಂದಿದ್ರ ಗ್ರೈಂಡರ್‌ಲೆ ಸಮಾ ಮಾಡ್ರಿ, ಅದು ಟ್ಯೂಬಿಗೆ ಸೂಜಿ ಇದ್ದಂಗ.

ಕ್ರೋಮ್ ಮಾತಿಗೆ ಬಂದ್ರ, ಬ್ಯಾಡ ಅಂತೇನಿ. ಹಳೇ ಕಡ್ಡಿ ಮ್ಯಾಲೆ ಕ್ರೋಮ್ ಹೊಡೀಬೇಕಂದ್ರ ಮೊದಲ ಆ್ಯಸಿಡ್ಡಿನ್ಯಾಗ ಅದ್ದತಾರ, ಆಮ್ಯಾಲೆ ಕರೆಂಟ್ ಕೊಡ್ತಾರ, ಆ ಎರಡೂ ಹೊತ್ತಿನ್ಯಾಗ ಹೈಡ್ರೋಜನ್ ಕಬ್ಬಿಣದ ಒಳಗ ಹೊಕ್ಕತೈತಿ, ಬಿಗಿ ಎಳದು ಕಟ್ಟಿದ ಕಡ್ಡಿ ಅದರಿಂದ ಪಿಡಸ ಆಗಿ ಒಂದಿನ ಮಾತಿಲ್ಲದ ಮುರೀತೈತಿ. ಸರಿಯಾದ ಫ್ಯಾಕ್ಟರಿಯೊಳಗ ಪ್ಲೇಟಿಂಗ್ ಆದ ತಕ್ಷಣ ಭಟ್ಟಿಯೊಳಗ ಬೇಯಿಸಿ ಆ ಹೈಡ್ರೋಜನ್ ಹೊರಗ ತಗೀತಾರ, ನಮ್ಮ ಓಣಿ ಪ್ಲೇಟಿಂಗ್ ಅಂಗಡ್ಯಾಗ ಬಾಗಲದ ಹಿಡಿಕಿಗೆ ಹೊಡದಂಗ ಹೊಡದ ಕೊಡ್ತಾರ. ಕ್ರೋಮ್ ಗಾಲಿ ಬೇಕಂದ್ರ ಹೊಸಾ ಕ್ರೋಮ್ ಗಾಲಿನ ತಗೋರಿ. ನನ್ನ ಕೇಳಿದ್ರ 1967ರ ಗಾಡಿಗೆ ಬೆಳ್ಳಿ ಬಣ್ಣದ ಪೇಂಟಿನ ಗಾಲಿನ ಚಂದ, ಫ್ಯಾಕ್ಟರಿಯಿಂದ ಬಂದದ್ದೂ ಅದ. ಪೌಡರ್ ಕೋಟಿಂಗ್ ಮಾಡಸ್ತೀರಿ ಅಂದ್ರ ಕಟ್ಟಿ ಮುಗದ ಗಾಲಿಗೆ ದಪ್ಪ ಕೋಟ್ ಬ್ಯಾಡ, ನಿಪ್ಪಲ್ ಎಲ್ಲಾ ಅಂಟಿ ಮುಂದ ಕಡ್ಡಿ ಬಿಗಿಯಾಕ ಬರೂದಿಲ್ಲ, ಬಿರುಕ ಬಿದ್ರೂ ಕೋಟಿಂಗ್ ಮುಚ್ಚಿ ಹಾಕತೈತಿ. ಸ್ಯಾಂಡ್ ಬ್ಲಾಸ್ಟ್ ಸಣ್ಣ ಮರಳಿಲೆ, ಕಡಿಮಿ ಪ್ರೆಶರಿಲೆ ಮಾಡಸ್ರಿ, ಹಲ್ಲು ಮತ್ತ ಎರಡೂ ಕಡೆ ಇಳಿಜಾರ ಇರೂ ಕುಂದ್ರೂ ಜಾಗಕ್ಕ ಟೇಪ್ ಸುತ್ತಿ ಮುಚ್ಚಿನ ಕೊಡ್ರಿ. ಆ ಇಳಿಜಾರಿನ್ಯಾಗ ಬಣ್ಣ ಕುಂತ್ರ ಗಾಲಿ ಬಣ್ಣದ ಮ್ಯಾಲೆ ನಿಂತಂಗ, ನಾಕ ದಿನಕ್ಕ ಬಣ್ಣ ಜಜ್ಜಿ ನಟ್ಟು ಸಡಲ ಆಗತೈತಿ. ಬ್ಲಾಸ್ಟ್ ಆದ ಮ್ಯಾಲೆ, ಬಣ್ಣಕ್ಕಿಂತ ಮೊದಲ, ಡೈ ಪೆನೆಟ್ರಂಟ್ ಟೆಸ್ಟ್ ಮಾಡಸ್ರಿ. ಉದ್ಯಮಬಾಗದಾಗ ಫೌಂಡ್ರಿ ಮಂದಿಗೆ ಇದು ದಿನದ ಕೆಲಸ, ಕೆಂಪ ಸ್ಪ್ರೇ ಹೊಡದು ಒರಸಿ ಬಿಳೇ ಪೌಡರ್ ಹೊಡದ್ರ ಕಣ್ಣಿಗೆ ಕಾಣದ ಬಿರುಕ ಕೆಂಪ ಗೆರಿಯಾಗಿ ಎದ್ದ ಕಾಣತೈತಿ. ನಡುವಿನ ಕೊಳವಿ ಮ್ಯಾಲೆ ಕಡ್ಡಿ ತೂತಿನ ಸುತ್ತಲೂ ಮುದ್ದಾಂ ನೋಡಾಕ ಹೇಳ್ರಿ.

ಈಗ ನೀವು ಕಾಯಾಕತ್ತಿದ್ದ ಮಾತು, ಟೈರ್.

ಅಂಗಡ್ಯಾಂವ ಸೈಜ್ ಬಂದ್ ಆಗೇತಿ ಅಂದದ್ದು ಅರ್ಧಾ ಖರೇ. ಎಂಜಿಬಿ ಬಂದ ಹೊಸದಾಗಿ 5.60-14 ನೈಲಾನ್ ಟೈರ್ ಬರ್ತಿತ್ತು, ಅಂದ್ರ ಒಳಗಿನ ದಾರ ಓರಿಯಾಗಿ ಹಾಕಿದ ಬಯಾಸ್ ಕಟ್ಟಿನ್ದು. ಆಮ್ಯಾಲೆ ದಾರ ಅಡ್ಡ ನೆಟ್ಟಗ ಹಾಕಿದ ರೇಡಿಯಲ್ ಬಂತು, ರೋಡ್‌ಸ್ಟರಿಗೆ 155 ಎಸ್ಆರ್ 14, ಮುಚ್ಚಿದ ಜಿಟಿಗೆ 165 ಎಸ್ಆರ್ 14. ಹಿಂಗ ಬರದದ್ದು ಇವತ್ತು ಅಂಗಡ್ಯಾಗ ಹೇಳಿದ್ರ ಹುಡುಗ ಮಾರಿ ನೋಡತಾನ, ಯಾಕಂದ್ರ ಅದರಾಗ ಅಡ್ಡಗೆರಿ ಆದ ಮ್ಯಾಲಿನ ನಂಬರ್ ಇಲ್ಲ. ಹಳೇ ರೇಡಿಯಲ್ಲಿಗೆ ಆ ನಂಬರ್ ಬರೀತಿದ್ದಿಲ್ಲ, ಬರೀದಿದ್ರ ಎತ್ತರ ಅಗಲದ 80-82 ಪರ್ಸೆಂಟ್ ಅಂತ ತಿಳ್ಕೋಬೇಕು. ಅಂದ್ರ 165 ಎಸ್ಆರ್ 14 ಅಂದ್ರ ಇವತ್ತಿನ ಭಾಷಾದಾಗ 165/80 ಆರ್ 14. ಈಗ ಹೇಳ್ರಿ, ಈ ಸೈಜ್ ಯಾವ ಗಾಡಿಗೆ ಬರತೈತಿ? ಮಾರುತಿ ಸ್ವಿಫ್ಟ್, ಡಿಜೈರ್! ಕೆಳಗಿನ ಮಾಡೆಲ್ಲಿಗೆ ಕಂಪನಿಯಿಂದನ 165/80 ಆರ್ 14 ಹಾಕಿ ಕೊಟ್ಟಾರ. ಬೆಳಗಾವ್ಯಾಗ ಕಾಲ ಇಟ್ಟಲ್ಲಿ ಡಿಜೈರ್ ಟ್ಯಾಕ್ಸಿ ಅದಾವ, ಅಂಗಡ್ಯಾಗ ಹಿಂದಿನ ರ‍್ಯಾಕಿನ್ಯಾಗ ನಿಮ್ಮ ಎಂಜಿಬಿ ಟೈರ್ ಕುಂತೈತಿ, ಅವನಿಗೆ ಗೊತ್ತಿಲ್ಲ ಅಷ್ಟ. ನಾ ಇದನ್ನ ಹೇಳಿದಾಗೆಲ್ಲಾ ಹಳೇ ಗಾಡಿ ಮಂದಿ ಮಾರಿ ಸಣ್ಣ ಮಾಡ್ತಾರ, ಸ್ವಿಫ್ಟ್ ಟೈರ್ ಅಂದ್ರ ಅವಮಾನ ಆದಂಗ. ಆದ್ರ ಲೆಕ್ಕ ನೋಡ್ರಿ, ಅದರ ಹೊರಗಿನ ವ್ಯಾಸ ಸುಮಾರು 620 ಮಿಲಿಮೀಟರ್, ಮೂಲ ರೇಡಿಯಲ್ಲಿನ ಹತ್ತರನ. ಲೋಡ್ ಇಂಡೆಕ್ಸ್ 85 ಅಂದ್ರ ಒಂದ ಟೈರ್ 515 ಕಿಲೋ ಹೊರತೈತಿ, ನಿಮ್ಮ ಪೂರಾ ಗಾಡಿ ಒಂದು ಟನ್ನಿನ ಆಜೂಬಾಜೂ. ಸ್ಪೀಡ್ ಅಕ್ಷರ ಟಿ ಅಂದ್ರ 190 ಕಿಲೋಮೀಟರ್, ಎಂಜಿಬಿ ಹೊಸಾದಿದ್ದಾಗ್ಲೂ 170 ದಾಟಾಕ ಒದ್ದಾಡ್ತಿತ್ತು.

185/65 ಯಾಕ ಬ್ಯಾಡ ಅಂದ್ರ, ನಿಮ್ಮ ಕಡ್ಡಿ ಗಾಲಿ ಅಗಲ ನಾಕೂವರಿ ಇಂಚು. 165/80ಕ್ಕ 4ರಿಂದ 5.5 ಇಂಚಿನ ರಿಮ್ ನಡೀತೈತಿ, 185/65ಕ್ಕ ಕಡಿಮ್ಯಂದ್ರ 5 ಬೇಕು. ಸಣ್ಣ ರಿಮ್ಮಿಗೆ ಅಗಲ ಟೈರ್ ಹಾಕಿದ್ರ ಪಕ್ಕೆ ಒಳಗ ಸೆಳದು ಟ್ರೆಡ್ ನಡೂವ ಉಬ್ಬತೈತಿ, ತಿರುವಿನ್ಯಾಗ ಟೈರ್ ರಿಮ್ ಮ್ಯಾಲೆ ಹೊರಳಾಡತೈತಿ, ಹಿಂದಿನ ಮಡ್‌ಗಾರ್ಡಿಗೂ ತಿಕ್ಕಬಹುದು, ಕಡ್ಡಿ ಗಾಲಿ ಎಂಜಿಬಿಯೊಳಗ ಅಲ್ಲಿ ಜಾಗಾ ಮೊದಲ ಕಡಿಮಿ. ಹೆಚ್ಚಿಗೆ ಅಗಲ ಬೇಕ ಬೇಕಂದ್ರ 185/70 ಆರ್ 14 ತನಕ ಹೋಗಬಹುದು, ಅದು ನಾಕೂವರಿ ರಿಮ್ಮಿಗೆ ಕಡೇ ಅಂಚಿನ ಸೈಜ್, ತಿಕ್ಕತೈತೋ ಇಲ್ಲೋ ಒಂದ ಟೈರ್ ಹಾಕಿ ಇಬ್ಬರನ ಹಿಂದ ಕುಂದರ್ಸಿ ನೋಡಿನ ಉಳಿದವು ತಗೋರಿ. ಇನ್ನು 175/65 ಹಾಕ್ರಿ ಸಸ್ತಾ ಐತಿ ಅಂತನೂ ಹೇಳವ್ರು ಸಿಗ್ತಾರ. ಅದರ ವ್ಯಾಸ 583, ಅಂದ್ರ 6 ಪರ್ಸೆಂಟ್ ಸಣ್ಣದು, ಮೀಟರಿನ್ಯಾಗ 80 ತೋರಸೂ ಮುಂದ ಗಾಡಿ ಖರೇ 75ರಾಗ ಇರತೈತಿ, ಎಂಜಿನ್ ಬ್ಯಾರೆ ಸುಮ್ಮನ ಹೆಚ್ಚಿಗೆ ಒದರತೈತಿ, ಗಾಡಿ ನೋಡಾಕೂ ಆಳಿಗೆ ಸಣ್ಣ ಚಪ್ಪಲಿ ಹಾಕಿದಂಗ ಕಾಣತೈತಿ. ಹಳೇ ಅಂಗಡ್ಯಾಗ ಯಾರಾದ್ರೂ ಪ್ರೀಮಿಯರ್ ಪದ್ಮಿನಿ ಕಾರಿಂದು 5.20-14 ನೈಲಾನ್ ತಗದ ಕೊಟ್ರ, ಅದೂ 14 ಇಂಚಿಂದ, ಗಾಲಿಗೆ ಕುಂದರತೈತಿ, ಆದ್ರ ನಿಮ್ಮ ಗಾಡಿಗೆ ಅದು ಸಣ್ಣದು. ಒಂದು ಆಕ್ಸಲ್ಲಿಗೆ ನೈಲಾನ್ ಒಂದು, ರೇಡಿಯಲ್ ಒಂದು ಹಾಕೂದಂತೂ ಕನಸಿನ್ಯಾಗೂ ಬ್ಯಾಡ, ಮಳ್ಯಾಗ ಬ್ರೇಕ್ ಒತ್ತಿದ್ರ ಗಾಡಿ ಯಾ ಕಡೆ ತಿರಗತೈತಿ ದೇವರಿಗೆ ಗೊತ್ತು.

ಅಲಾಯ್ ಗಾಲಿ ಬಗ್ಗೆ ಒಂದ ಮಾತು ಹೇಳಿ ಮುಂದ ಹೋಗ್ತೇನಿ. 2021ರ ಜುಲೈದಾಗ ಕೇಂದ್ರ ಸರ್ಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ನಿಯಮ ತಂದೈತಿ, ನಂಬರ್ ಪ್ಲೇಟಿನ್ಯಾಗ ವಿಎ ಅಂತ ಬರತೈತಿ. ಅದಕ್ಕ ಗಾಡಿ ಮೂಲ ರೂಪದಾಗ ಇರಬೇಕು ಅಂತ ಷರತ್ತು ಐತಿ, ಮತ್ತ ಹಂಗ ನೋಂದಣಿ ಆದ ಗಾಡಿ ದಿನಾ ಓಡಸಾಕ ಬರೂದಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥಾದ್ದಕ್ಕ ಅಷ್ಟ. ನಿಮ್ಮದು 1967, ಮುಂದ ಆ ದಾರಿ ಹಿಡಿಯೂ ವಿಚಾರ ಇದ್ರ ಕಡ್ಡಿ ಗಾಲಿ ಬಿಟ್ಟು ಅಲಾಯ್ ಹಾಕಿ ತ್ರಾಸ ಮೈಮ್ಯಾಲೆ ಯಾಕ ಎಳಕೊಂತೀರಿ.

ಇನ್ನು ಕಾಲಕ್ಕ ತಕ್ಕ ಟೈರ್ ಬೇಕು ಅನ್ನೂ ಮಂದಿಗೆ ಪಿರೆಲ್ಲಿ ಸಿಂಟುರಾಟೊ ಸಿಎ67 165 ಎಚ್ಆರ್ 14ರಾಗ ಇವತ್ತಿಗೂ ತಯಾರಾಗತೈತಿ, ಹಳೇ ಟ್ರೆಡ್ ಡಿಸೈನ್, ಒಳಗಿನ ರಬ್ಬರ್ ಈಗಿನ್ದು. ನೋಡಾಕ ಭಾಳ ಚಂದ, ನಡಸಾಕೂ ಚಂದ, ಸ್ಟೀರಿಂಗ್ ಹಗೂರ ಆಗತೈತಿ. ಆದ್ರ 2020ರ ಜೂನ್‌ದಾಗ ಸರ್ಕಾರ ಹೊಸಾ ಟೈರ್ ಇಂಪೋರ್ಟ್ ಮುಕ್ತ ಪಟ್ಟಿಯಿಂದ ತಗದು ನಿರ್ಬಂಧಿತ ಪಟ್ಟಿಗೆ ಹಾಕಿದ ಮ್ಯಾಲೆ ತರಸೂದು ಸರಳ ಉಳದಿಲ್ಲ, ಲೈಸೆನ್ಸ್ ಬೇಕು. ರೊಕ್ಕಾನೂ ಸ್ವಿಫ್ಟ್ ಟೈರಿನ ಎಷ್ಟೋ ಪಟ್ಟು. ವರ್ಷಕ್ಕ ಒಂದೆರಡ ಸಾವಿರ ಕಿಲೋಮೀಟರ್ ಓಡಸವ್ರಿಗೆ ನಾ ಸ್ವಿಫ್ಟ್ ಸೈಜಿನ್ದ ಹಾಕ್ರಿ ಅಂತೇನಿ, ಐಎಸ್‌ಐ ಮಾರ್ಕ್ ನೋಡಿ, ಆರ ತಿಂಗಳ ಒಳಗಿನ ತಾರೀಖ ನೋಡಿ, ಐದೂ ಒಂದ ಕಂಪನಿದು, ಒಂದ ಮಾಡೆಲ್ಲಿಂದು. ರಿಸೋಲ್ ಟೈರ್, ಅಂದ್ರ ಹಳೇ ಟೈರಿಗೆ ಹೊಸಾ ಟ್ರೆಡ್ ಅಂಟಸಿದ್ದು, ಅದರ ಮಾತ ತಗೀಬ್ಯಾಡ್ರಿ.

ಸ್ವಿಫ್ಟ್ ಟೈರ್ ಟ್ಯೂಬ್‌ಲೆಸ್, ನಿಮ್ಮ ಗಾಲಿ ಅಲ್ಲ. ಕಡ್ಡಿ ತೂತಿನಿಂದ ಹವಾ ಹೋಗತೈತಿ, ಹಳೇ ರಿಮ್ಮಿನ್ಯಾಗ ಟೈರಿನ ಅಂಚು ಹಿಡದು ನಿಲ್ಲಸೂ ಉಬ್ಬೂ ಇರೂದಿಲ್ಲ, ಅದಕ್ಕ ಟ್ಯೂಬ್ ಹಾಕಬೇಕು. ಟ್ಯೂಬ್‌ಲೆಸ್ ಟೈರಿನ್ಯಾಗ ಟ್ಯೂಬ್ ಹಾಕಿದ್ರ ನಡೀತೈತಿ, ಆದ್ರ ಇಲ್ಲೆ ನಾ ಒಂದ್ಸಲ ಕೈ ಸುಟ್ಕೊಂಡೇನಿ. ಗೆಳ್ಯಾನ ಗಾಡಿಗೆ ನಾನ ಮುಂದ ನಿಂತು ಟೈರ್ ಹಾಕ್ಸಿದ್ದೆ, ಟೈರ್ ಒಳಗ ಫ್ಯಾಕ್ಟರ್ಯಾಗ ಅಂಟಸಿದ ಬಾರ್‌ಕೋಡ್ ಕಾಗದ ಇರತೈತಲ್ಲ, ಅದು ತಗಿಯೂದು ಮರತೆ. ಧಾರವಾಡಕ್ಕ ಹೊಂಟಾಗ ಹಿರೇಬಾಗೇವಾಡಿ ಟೋಲ್ ದಾಟಿ ಸ್ವಲ್ಪ ಮುಂದ ಹಿಂದಿನ ಗಾಲಿ ಕೂತ ಬಿಡ್ತು, ಬಿಚ್ಚಿ ನೋಡಿದ್ರ ಆ ಕಾಗದದ ಅಂಚಿಗೆ ಟ್ಯೂಬ್ ಉಜ್ಜಿ ಉಜ್ಜಿ ಚಾಕುಲೆ ಕೊಯ್ದಂಗ ಆಗಿತ್ತು. ಏಪ್ರಿಲ್ ಬಿಸಿಲು, ಗೆಳ್ಯಾ ಒಂದ ಮಾತಾಡ್ಲಿಲ್ಲ, ಅದ ಜಾಸ್ತಿ ಹತ್ತಿತು ನನಗ. ಅದಕ್ಕ ಟೈರ್ ಒಳಮೈ ಕೈ ಹಾಕಿ ತಡವಿ ನೋಡ್ರಿ, ಕಾಗದ ಇದ್ರ ಕಿತ್ತು, ಅಂಟೂ ಒರಸಿ, ಉಬ್ಬಿದ ಗೆರಿ ಇದ್ರ ಸ್ಯಾಂಡ್ ಪೇಪರ್ ಹೊಡೀರಿ. ಒಳಗೆಲ್ಲಾ ಪೌಡರ್ ಹಚ್ಚರಿ. ಟ್ಯೂಬ್ ರೇಡಿಯಲ್ಲಿಂದ, 165 ಆರ್ 14 ಸೈಜಿಂದ ಇರಬೇಕು, ಇದ್ದದ್ದರಾಗ ಸರಿಮಾಡಿ ತುರುಕೂದು ಬ್ಯಾಡ, ದೊಡ್ಡದಾದ್ರ ಒಳಗ ಮಡಿಕಿ ಬಿದ್ದು ಅಲ್ಲೇ ಹರೀತೈತಿ. ರಿಮ್ ಪಟ್ಟಿ ಹೊಸಾದು ಹಾಕ್ರಿ, ಅದು ಸಿಗದಿದ್ರ ಗಟ್ಟಿ ಬಟ್ಟಿ ಟೇಪ್ ಎರಡು ಸುತ್ತು. ವಾಲ್ವಿನ ಕೊಳವಿ ರಿಮ್ ತೂತಿನ್ಯಾಗ ನೆಟ್ಟಗ ನಿಂತೈತೋ ಇಲ್ಲೋ ಆಗಾಗ ನೋಡ್ಕೋತ ಇರ್ರಿ, ಅದು ಓರಿಯಾಗಿ ಬಾಗಿದ್ರ ಟೈರ್ ರಿಮ್ ಮ್ಯಾಲೆ ಜಾರಾಕತ್ತೇತಿ ಅಂತ ಅರ್ಥ, ಹಂಗ ಬಿಟ್ರ ವಾಲ್ವ್ ಬುಡದಾಗ ಹರೀತೈತಿ.

ಹವಾ ಎಷ್ಟು ಅಂದ್ರ, ಎಂಜಿಬಿ ಪುಸ್ತಕದಾಗ ರೇಡಿಯಲ್ಲಿಗೆ ಮುಂದ 21, ಹಿಂದ 24 ಪಿಎಸ್‌ಐ ಅಂತೈತಿ. ಈಗಿನ ಟೈರಿಗೆ ಸ್ವಲ್ಪ ಹೆಚ್ಚಿಗೆ, ಮುಂದ 24, ಹಿಂದ 27 ಇಟ್ಟು ಓಡಿಸಿ ನೋಡ್ರಿ, ಹಿಂದ ಯಾವತ್ತೂ ಮುಂದಿಗಿಂತ 3 ಜಾಸ್ತಿ ಇರಲಿ. ಪಂಚರ್ ಅಂಗಡ್ಯಾಂವ ಕೇಳದ ಎಲ್ಲಾ ಗಾಡಿಗೂ 35 ಹೊಡದ ಬಿಡತಾನ, ಹಂಗಾದ್ರ ಗಾಡಿ ಕುದರಿಯಂಗ ಪುಟಿತೈತಿ, ಮನಿಗೆ ಬಂದು ನಿಮ್ಮ ಗೇಜಿಲೆ ಇಳಸ್ಕೋರಿ.

ಬ್ಯಾಲೆನ್ಸಿಂಗ್ ಒಂದು ಮಾತ್ರ ಪೇಟೆದಾಗ ತ್ರಾಸ. ಮಷೀನಿನ ಕೋನು ನಿಮ್ಮ ಗಾಲಿಯ ಹಲ್ಲಿನ ಮ್ಯಾಲೆ ಕುಂದರತೈತಿ, ಹಲ್ಲಿನಿಂದ ಗಾಲಿ ಸೆಂಟರ್ ಆಗೂದಿಲ್ಲ, ಹಿಂದ ಒಂದು ಮುಂದ ಒಂದು ಇಳಿಜಾರ ಐತಿ ಅಂದೆನಲ್ಲ, ಅದರಿಂದ ಆಗತೈತಿ. ಮಷೀನಿನ್ಯಾಗ ಚಂದ ಸೊನ್ನಿ ತೋರಸತೈತಿ, ರೋಡಿನ್ಯಾಗ 70ಕ್ಕ ಸ್ಟೀರಿಂಗ್ ನಡಗತೈತಿ. ಉದ್ಯಮಬಾಗದ ಯಾವದಾದ್ರೂ ಲೇಥ್ ಅಂಗಡ್ಯಾಗ ಗಾಲಿ ಒಯ್ದು, ಆ ಎರಡು ಇಳಿಜಾರಿಗೆ ಬರೋಬ್ಬರಿ ಕುಂದ್ರೂವಂಥಾ ಎರಡು ಕೋನು, ಒಳಗ ಮಷೀನಿನ ಶಾಫ್ಟಿನಷ್ಟ ತೂತು, ಹಂಗ ಕಡಸ್ಕೋರಿ. ಒಂದ್ಸಲ ಮಾಡಸಿದ್ರ ಜನ್ಮಕ್ಕ ಸಾಕು. ತೂಕ ರಿಮ್ ಒಳಗಡೆ ಅಂಟಸೂದು ಹಾಕಸ್ರಿ, ಹೊಡದು ಕುಂದರ್ಸೂದು ಹೊಸಾ ಬಣ್ಣ ಕೆಡಸತೈತಿ.

ಗಾಲಿ ಹಾಕೂ ಮುಂದ ಹಲ್ಲಿಗೂ ಎರಡೂ ಇಳಿಜಾರಿಗೂ ನಟ್ಟಿನ ಆಟೆಕ್ಕೂ ಗ್ರೀಸ್ ತೆಳ್ಳಗ ಸವರ್ರಿ, ರೊಟ್ಟಿಗೆ ತುಪ್ಪ ಹಚ್ಚಿದಷ್ಟ, ಮೆತ್ತಬ್ಯಾಡ್ರಿ, ಜಾಸ್ತಿ ಆದ್ರ ತಿರಗೂ ಮುಂದ ಹಾರಿ ಕಡ್ಡಿಗೆಲ್ಲಾ ಮೆತ್ತತೈತಿ. ನಟ್ಟು ಗಾಡಿ ಎತ್ತಿ ಕೈಲೆ ತಿರುವಿ ಕುಂದರ್ಸಿ, ತಾಮ್ರದ ಸುತ್ತಿಗಿಲೆ ಬಿಗೀರಿ, ಉಕ್ಕಿನ ಹತೋಡಿ ತಗೊಂಡ್ರ ಕಿವಿ ಮುರೀತೈತಿ. ಎಡಗಡೆ ನಟ್ಟು ಸೀದಾ ಆಟೆ, ಬಲಗಡೆ ಉಲ್ಟಾ ಆಟೆ, ಅದಕ್ಕ ಇದೊಂದ ನೆನಪಿಟ್ಕೋರಿ, ಯಾ ಕಡೆನ ಇರಲಿ ಮ್ಯಾಲಿನ ಕಿವಿ ಗಾಡಿಯ ಹಿಂಭಾಗದ ಕಡೆ ಹೊಡದ್ರ ಬಿಗಿ, ಮುಂಭಾಗದ ಕಡೆ ಹೊಡದ್ರ ಸಡಲ. ಎಡದ್ದು ಬಲಕ್ಕ ಹಾಕಾಕ ಹೋದ್ರ ಆಟೆ ಹಿಡಿಯೂದಿಲ್ಲ, ಜಬರದಸ್ತಿ ಮಾಡಿದ್ರ ಹಬ್ ಹಾಳು.

ಎಲ್ಲಾ ಜೋಡಿಸಿದ ಮ್ಯಾಲೆ ಮೊದಲ ಸಲ ದೂರ ಹೋಗಬ್ಯಾಡ್ರಿ, ಚೋರ್ಲಾ ಘಾಟ್ ಅಂತೂ ಈಗ ಬ್ಯಾಡ. ಹೊಸಾ ಟೈರ್ ಮ್ಯಾಲೆ ಅಚ್ಚಿನ ಜಾರೂ ಎಣ್ಣಿ ಇರತೈತಿ, ಮೊದಲಿನ 200 ಕಿಲೋಮೀಟರ್ ತಿರುವಿನ್ಯಾಗ ಶಾಣ್ಯಾತನ ತೋರಸಬ್ಯಾಡ್ರಿ. ಬೆಳಿಗ್ಗೆ ತಂಪಿನ್ಯಾಗ ಕಿತ್ತೂರ ತನಕ ಹೋಗ್ರಿ, ಹತ್ತ ಹತ್ತರ 50 ಕಿಲೋಮೀಟರ್ ಆಗತೈತಿ. ಕೋಟಿ ಹಂತ್ಯಾಕ ಗಾಡಿ ನಿಲ್ಲಸಿ ಚಹಾ ಹೇಳ್ರಿ, ಚಹಾ ಬರೂದ್ರಾಗ ಡಿಕ್ಕಿಯಿಂದ ತಾಮ್ರದ ಸುತ್ತಿಗಿ ತಗದು ನಾಕೂ ನಟ್ಟಿಗೆ ಎರಡೆರಡ ಏಟ ಹಾಕಿ ನೋಡ್ರಿ, ಒಂದರೆ ನಟ್ಟು ಅರ್ಧಾ ಇಂಚ ಸರದ್ರ ಗಾಬರಿ ಆಗಬ್ಯಾಡ್ರಿ, ಹೊಸಾ ಬಣ್ಣದ ಗಾಲಿ ಕುಂದರಾಕತ್ತೇತಿ ಅಂತ ಅರ್ಥ. ವಾಪಸ್ ಬಂದ ಮ್ಯಾಲೆ ಮತ್ತ ಬಡದ ನೋಡಿದಾಗಲೂ ಅದ ನಟ್ಟು ಸರದ್ರ ಮಾತ್ರ ಗಾಲಿ ಬಿಚ್ಚಿ, ಇಳಿಜಾರಿನ್ಯಾಗ ಬಣ್ಣ ಉಳದೈತೇನು ನೋಡಿ, ನನಗ ಒಂದು ಫೋಟೋ ಕಳಸ್ರಿ.